ಎಣ್ಣೇಮರ ಯಾಕೆ ಒಲ್ಲೆ ಅಂತು?

"ಮ್ಯಾಟರ್ ಹೋದ ಸಲದ್ದೇ ಇರ್ಲಿ ಅಣ್ಣ. ಫೋಟೋ, ಹೆಸರು ಅಷ್ಟೇ ಬದ್ಲು ಮಾಡ್ರಿ."

2023ರ ಏಪ್ರಿಲ್. ವಿಧಾನಸಭೆ ಚುನಾವಣೆಗೆ ಇನ್ನು ಮೂರು ವಾರ ಇತ್ತು. ನಮ್ಮ ಪ್ರೆಸ್ಸಿಗೆ ಬಂದ ಹುಡುಗ ಹೀಗೆ ಹೇಳಿ ಪೆನ್‌ಡ್ರೈವ್ ಟೇಬಲ್ ಮೇಲಿಟ್ಟ. ನಾನು ಹಳೆಯ ಫೈಲ್ ತೆಗೆದು ನೋಡಿದೆ. ಹೋದ ಸಲವೂ ಇವನೇ ಬಂದು ಕರಪತ್ರ ಮಾಡಿಸಿದ್ದ. ಆದರೆ ಆಗ ಮಾಡಿಸಿದ್ದು ಒಬ್ಬರಿಗೆ, ಈಗ ಮಾಡಿಸುತ್ತಿರುವುದು ಅವರ ಎದುರು ನಿಂತವರಿಗೆ.

"ಅಲ್ಲಪ್ಪಾ, ಇದ್ರಾಗೆ ಸರಳ ಸಜ್ಜನ, ಬಡವರ ಬಂಧು, ಅಭಿವೃದ್ಧಿಯ ಹರಿಕಾರ ಅಂತೆಲ್ಲ ಐತಿ. ಅದೇ ಇರ್ಲೇನು?"

"ಹ್ಞೂಂ ಅಣ್ಣ, ಚೆನ್ನಾಗೈತಿ. ಅದೇ ಇರ್ಲಿ."

ನಾನು ಫೋಟೋ ಬದಲಿಸಿದೆ. ಬಡವರ ಬಂಧು ಬದಲಾದರು. ಬಡವರು ಅವರೇ ಇದ್ದರು.

ದಾವಣಗೆರೆಯಲ್ಲಿ ನಮ್ಮದು ಸಣ್ಣ ಪ್ರೆಸ್ಸು, ಅಪ್ಪನ ಕಾಲದ್ದು. ಮದುವೆ ಕಾರ್ಡು, ಬಿಲ್ ಬುಕ್ಕು, ಗೃಹಪ್ರವೇಶ, ಶಿವಗಣಾರಾಧನೆ, ನಮ್ಮ ಚರ್ಚಿನ ವಾರದ ಹಾಳೆ. ಐದು ವರ್ಷಕ್ಕೊಮ್ಮೆ ಕರಪತ್ರದ ಸುಗ್ಗಿ. ಮೊಬೈಲು ಬಂದ ಮೇಲೆ ಆ ಸುಗ್ಗಿಯೂ ಇಳಿದಿದೆ ಅನ್ನಿ. ಚುನಾವಣೆ ಕರಪತ್ರಕ್ಕೆ ಒಂದು ಕಟ್ಟಳೆ ಇದೆ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 127ಎ ಕಲಂ ಪ್ರಕಾರ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಹಾಳೆಯ ಮೇಲೆ ಇರಲೇಬೇಕು. ಮಾಡಿಸುವವರು ಸಹಿ ಹಾಕಿದ ಘೋಷಣಾ ಪತ್ರ ಕೊಡಬೇಕು, ಅವರನ್ನು ಬಲ್ಲ ಇಬ್ಬರು ಅದಕ್ಕೆ ಸಾಕ್ಷಿ ಹಾಕಬೇಕು. ನಾವು ಅದರ ಜೊತೆ ಕರಪತ್ರದ ಪ್ರತಿಯನ್ನು ಜಿಲ್ಲಾಧಿಕಾರಿ ಕಚೇರಿಗೆ ಮುಟ್ಟಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲ ಎರಡು ಸಾವಿರದವರೆಗೆ ದಂಡ, ಇಲ್ಲ ಎರಡೂ. ಹಾಗಾಗಿ ಆ ಹಾಳೆಯಲ್ಲಿ ನಾನು ಕಣ್ಣುಮುಚ್ಚಿ ನಂಬಬಹುದಾದ ಸಾಲು ಒಂದೇ. ಕೆಳಗಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುವ ನಮ್ಮ ಪ್ರೆಸ್ಸಿನ ಹೆಸರು.

ಆ ದಿನ ಸಂಜೆ ಮಷಿನ್ ಓಡುತ್ತಿತ್ತು. ಒಂದರ ಮೇಲೊಂದು ಬಂದು ಬೀಳುತ್ತಿದ್ದ ನಗುಮುಖಗಳನ್ನು ನೋಡುತ್ತಾ ಅಪ್ಪ ಹೇಳುತ್ತಿದ್ದ ಮರಗಳ ಕಥೆ ನೆನಪಾಯಿತು.

ಅಪ್ಪ ಕಂಪೋಸಿಂಗ್ ಮಾಡುತ್ತಿದ್ದವರು. ಸೀಸದ ಮೊಳೆಗಳ ಕಾಲ. ಕೇಸಿನಿಂದ ಒಂದೊಂದೇ ಮೊಳೆ ಆರಿಸಿ ಸ್ಟಿಕ್ಕಿಗೆ ಜೋಡಿಸಬೇಕು. ಅಕ್ಷರ ಉಲ್ಟಾ ಇರುತ್ತದೆ. ಅಪ್ಪ ಉಲ್ಟಾ ಇದ್ದದ್ದನ್ನೇ ಸರಾಗ ಓದುತ್ತಿದ್ದರು. ನನಗೆ ಅದು ಕೊನೆಗೂ ಪೂರ್ತಿ ಬರಲಿಲ್ಲ. ರಾತ್ರಿ ಊಟ ಆದ ಮೇಲೆ ಕೈಗೆ ಅಂಟಿದ ಮಸಿ ಸೀಮೆಎಣ್ಣೆಯಲ್ಲಿ ಒರೆಸಿಕೊಂಡು, ಬೈಬಲ್ ಮುಟ್ಟುವ ಮುಂಚೆ ಇನ್ನೊಂದು ಸಲ ಸೋಪು ಹಾಕಿ ತೊಳೆಯುತ್ತಿದ್ದರು. ಆದರೂ ನಮ್ಮ ಮನೆಯ ಬೈಬಲಿನ ಹಾಳೆಗಳ ಮೂಲೆಯಲ್ಲೆಲ್ಲ ಬೂದು ಬಣ್ಣದ ಹೆಬ್ಬೆರಳು. ನ್ಯಾಯಸ್ಥಾಪಕರು ಪುಸ್ತಕದ ಒಂಬತ್ತನೇ ಅಧ್ಯಾಯದಲ್ಲಿ ಆ ಗುರುತು ಜಾಸ್ತಿ.

ಕಥೆ ಇಷ್ಟೇ. ಮರಗಳೆಲ್ಲ ಸೇರಿ ತಮಗೊಬ್ಬ ರಾಜ ಬೇಕು ಅಂತ ಹೊರಟವು. ಮೊದಲು ಎಣ್ಣೇಮರದ ಹತ್ತಿರ ಹೋದವು. ಅದು, ದೇವರೂ ಮನುಷ್ಯರೂ ಮೆಚ್ಚುವ ನನ್ನ ಎಣ್ಣೆ ಬಿಟ್ಟು ಮರಗಳ ಮೇಲೆ ತೂಗಾಡಲು ಬರಲೇನು ಅಂತು. ಅಂಜೂರದ ಹತ್ತಿರ ಹೋದವು. ನನ್ನ ಸಿಹಿ ಹಣ್ಣು ಬಿಟ್ಟು ಬರಲೇನು ಅಂತು ಅದು. ದ್ರಾಕ್ಷಿ ಬಳ್ಳಿಯೂ ಅದೇ ಮಾತು ಹೇಳಿತು. ಕೊನೆಗೆ ಮುಳ್ಳಿನ ಗಿಡವನ್ನು ಕೇಳಿದವು. ಅದು ಕೂಡಲೇ ಒಪ್ಪಿತು. ಒಪ್ಪಿ ಏನಂತು? ನಿಜವಾಗಿ ನನ್ನನ್ನು ರಾಜ ಮಾಡುವುದಾದರೆ ಬನ್ನಿ, ನನ್ನ ನೆರಳಿನಲ್ಲಿ ಇರಿ. ಇಲ್ಲದಿದ್ದರೆ ನನ್ನಿಂದ ಬೆಂಕಿ ಹೊರಟು ಲೆಬನೋನಿನ ದೇವದಾರುಗಳನ್ನೂ ಸುಟ್ಟು ಬಿಡಲಿ.

"ಎಣ್ಣೇಮರ ಅಂದ್ರೆ ಯಾವ್ದಪ್ಪ?" ಅಂತ ನಾನು ಕೇಳಿದ್ದೆ. ಕನ್ನಡ ಬೈಬಲಿನಲ್ಲಿ ಆಲಿವ್ ಮರಕ್ಕೆ ಹಾಗೆ ಹೇಳುತ್ತಾರೆ. ಅಪ್ಪ ಅದನ್ನು ನೋಡಿದವರಲ್ಲ. ನಮ್ಮ ಕಡೆಗೆ ಹೊಂದುವ ಹಾಗೆ ಬದಲಿಸಿಬಿಟ್ಟರು. ತೆಂಗು ಒಲ್ಲೆ ಅಂತು, ಮಾವು ಒಲ್ಲೆ ಅಂತು, ಹುಣಸೆ ಒಲ್ಲೆ ಅಂತು. ಕೊನೆಗೆ ಬಳ್ಳಾರಿ ಜಾಲಿ ಬಂದು ಕೂತಿತು.

ಚಿತ್ರದುರ್ಗದ ಕಡೆಯವರಿಗೆ ಬಳ್ಳಾರಿ ಜಾಲಿಯ ಬಗ್ಗೆ ಹೇಳಬೇಕಾಗಿಲ್ಲ. ಚಳ್ಳಕೆರೆ ದಾರಿ ಹಿಡಿದು ಹೊರಟರೆ ಎರಡೂ ಕಡೆ ಅದೇ. ಹೊರದೇಶದಿಂದ ಬಂದ ಗಿಡ. ಬರದ ನಾಡಿಗೆ ಸೌದೆಯಾದೀತು ಅಂತ ಜನರೇ ತಂದು ಹಾಕಿದ್ದು. ಅದರ ಕಾಯಿ ಸಿಹಿ. ಕುರಿ ಮೇಕೆ ತಿನ್ನುತ್ತವೆ, ಬೀಜ ಹಿಕ್ಕೆಯ ಜೊತೆ ಹೊಲಹೊಲಕ್ಕೂ ಹೋಗುತ್ತದೆ. ಕಡಿದರೆ ಬುಡದಿಂದ ನಾಲ್ಕು ಕೊಂಬೆ ಒಡೆಯುತ್ತದೆ. ಅದರ ಕೆಳಗೆ ಬೇರೆ ಏನೂ ಏಳುವುದಿಲ್ಲ. ನೆರಳು? ಇದೆ. ಆದರೆ ಕೂರುವ ಮುಂಚೆ ನೆಲ ನೋಡಿಕೊಳ್ಳಬೇಕು. ಮುಳ್ಳು ಚಪ್ಪಲಿ ತೂರಿ ಬರುತ್ತದೆ. "ನನ್ನ ನೆರಳಿಗೆ ಬನ್ನಿ" ಅಂತ ಅದು ಕರೆಯುವುದನ್ನು ಅಪ್ಪ ಹೇಳುವಾಗ ನಾವು ಮೂರೂ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು.

ಕಥೆ ಹೇಳಿದವನು ಯೋತಾಮ. ಸಂದರ್ಭ ಮಾತ್ರ ನಗುವಂಥದ್ದಲ್ಲ. ಅವನ ಅಪ್ಪ ಗಿದ್ಯೋನ. ಶತ್ರುಗಳಿಂದ ಜನರನ್ನು ಬಿಡಿಸಿದವನು. ನೀನೇ ನಮ್ಮನ್ನು ಆಳು, ನಿನ್ನ ಮೇಲೆ ನಿನ್ನ ಮಗ ಆಳಲಿ ಅಂತ ಜನ ಕೇಳಿದಾಗ, ನಾನೂ ಆಳುವುದಿಲ್ಲ, ನನ್ನ ಮಗನೂ ಆಳುವುದಿಲ್ಲ, ದೇವರೇ ನಿಮ್ಮನ್ನು ಆಳಲಿ ಅಂದವನು. ಎಷ್ಟು ಒಳ್ಳೆಯ ಮಾತು ಅಲ್ವಾ? ಆದರೆ ಶೆಕೆಮ್ ಅನ್ನುವ ಊರಿನ ದಾಸಿಯಲ್ಲಿ ಹುಟ್ಟಿದ ಮಗನಿಗೆ ಇಟ್ಟ ಹೆಸರು ಅಬೀಮೆಲೆಕ. ಹಾಗೆಂದರೆ 'ನನ್ನ ಅಪ್ಪ ರಾಜ' ಅಂತ ಅರ್ಥ. ಕುರ್ಚಿ ಬೇಡ ಅಂದವರ ಮನೆಯಲ್ಲಿ ಮಕ್ಕಳನ್ನು ಏನಂತ ಕರೆಯುತ್ತಾರೆ ಅಂತ ಸ್ವಲ್ಪ ಕಿವಿಗೊಡಬೇಕು. ನಮ್ಮ ಕಡೆ ಇದಕ್ಕೆ ಉದಾಹರಣೆ ಕೊಡುವುದು ಬೇಡ. ನಾಳೆ ಎಲ್ಲರೂ ನನ್ನ ಪ್ರೆಸ್ಸಿನ ಗಿರಾಕಿಗಳೇ.

ಈ ಅಬೀಮೆಲೆಕ ತಾಯಿಯ ಊರಿಗೆ ಹೋಗಿ ಪ್ರಚಾರ ಮಾಡಿದ. ಬೈಬಲಿನಲ್ಲಿ ಅದು ಎರಡೇ ವಾಕ್ಯ. ಎಪ್ಪತ್ತು ಮಂದಿ ಆಳುವುದು ಒಳ್ಳೆಯದೋ, ಒಬ್ಬ ಆಳುವುದು ಒಳ್ಳೆಯದೋ? ನಾನು ನಿಮ್ಮ ಎಲುಬು, ನಿಮ್ಮ ಮಾಂಸ, ನೆನಪಿರಲಿ. ಅಷ್ಟೇ. ರಸ್ತೆ ಮಾಡಿಸುತ್ತೇನೆ ಅನ್ನಲಿಲ್ಲ, ಕೆರೆ ತುಂಬಿಸುತ್ತೇನೆ ಅನ್ನಲಿಲ್ಲ. ಊರಿನವರು "ಇವನು ನಮ್ಮವನು" ಅಂದರು. ಬಾಳ್‌ಬೆರೀತ ಅನ್ನುವ ದೇವರ ಗುಡಿಯಿಂದ ಎಪ್ಪತ್ತು ಬೆಳ್ಳಿ ನಾಣ್ಯ ತೆಗೆದುಕೊಟ್ಟರು. ಅದರಲ್ಲಿ ಅವನು ಕೆಲಸವಿಲ್ಲದ ಪುಂಡರನ್ನು ಕೂಲಿಗೆ ಹಿಡಿದ. ಅವರನ್ನು ಕಟ್ಟಿಕೊಂಡು ಹೋಗಿ ತನ್ನ ಎಪ್ಪತ್ತು ಜನ ಅಣ್ಣತಮ್ಮಂದಿರನ್ನು ಒಂದೇ ಕಲ್ಲಿನ ಮೇಲೆ ಕೊಲ್ಲಿಸಿದ. ಬಚ್ಚಿಟ್ಟುಕೊಂಡು ಉಳಿದ ಕಿರಿಯವನೇ ಯೋತಾಮ.

2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆದಾಗ ರಾಜ್ಯದ ಕೆಲವು ಊರುಗಳಲ್ಲಿ ಸೀಟು ಹರಾಜು ಹಾಕಿದ ಸುದ್ದಿ ಪೇಪರಿನಲ್ಲಿ ಬಂದಿತ್ತು. ಜಾಸ್ತಿ ಕೂಗಿದವರು ಅವಿರೋಧ ಆಯ್ಕೆ, ದುಡ್ಡು ಊರ ಗುಡಿ ಕಟ್ಟಲು. ಶೆಕೆಮಿನಲ್ಲಿ ಗುಡಿಯ ದುಡ್ಡು ಚುನಾವಣೆಗೆ ಬಂತು, ನಮ್ಮಲ್ಲಿ ಚುನಾವಣೆಯ ದುಡ್ಡು ಗುಡಿಗೆ ಹೋಯಿತು. ದಾರಿ ಅದೇ, ಬಸ್ಸು ಮಾತ್ರ ಎದುರುಗಡೆಯಿಂದ ಬಂತು.

ಆದರೆ 'ಎಲುಬು ಮಾಂಸ'ದ ಲೆಕ್ಕ ಎಲ್ಲ ಕಾಲಕ್ಕೂ ಗೆದ್ದಿದೆ ಅಂತಲೂ ಇಲ್ಲ. ದಾವಣಗೆರೆ 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಆ ಚಿತ್ರದುರ್ಗ ಲೋಕಸಭಾ ಕ್ಷೇತ್ರದಲ್ಲಿ 1957ರಲ್ಲಿ ಗೆದ್ದವರು ಜಗಳೂರಿನ ಜೆ. ಮಹಮ್ಮದ್ ಇಮಾಂ. 1967ರಲ್ಲಿ ಮತ್ತೆ ಅವರೇ. ಎರಡು ಸಲವೂ ಕಾಂಗ್ರೆಸ್ಸಿನಿಂದಲ್ಲ. ಆಗಲೂ ಇಲ್ಲಿ ಲಿಂಗಾಯತರು, ನಾಯಕರು, ದಲಿತರು, ಕುರುಬರು, ಗೊಲ್ಲರೇ ಜಾಸ್ತಿ ಇದ್ದದ್ದು. ಬರೀ ಜಾತಿ ಎಣಿಸಿದ್ದರೆ ಅವರು ಗೆಲ್ಲುವುದು ಹೇಗೆ? ನಮ್ಮ ಅಜ್ಜಂದಿರು ಬೇರೆ ಏನನ್ನೋ ಎಣಿಸಿದ್ದಾರೆ. ಹಾಗಂತ ಅವರನ್ನು ಹೊಗಳುತ್ತಾ ಕೂರುವ ಹಾಗೂ ಇಲ್ಲ. ಅದೇ ಜಿಲ್ಲೆ 1962ರಲ್ಲಿ ಎಸ್. ನಿಜಲಿಂಗಪ್ಪನವರನ್ನು ಹೊಸದುರ್ಗದಲ್ಲಿ ಸೋಲಿಸಿ ಕಳಿಸಿತು. ಕರ್ನಾಟಕ ಒಂದಾಗಲು ದುಡಿದವರು, ದುರ್ಗದಲ್ಲೇ ವಕೀಲಿಕೆ ಮಾಡಿದವರು. ಬಾಗಲಕೋಟೆಯವರು ಕರೆದು ಗೆಲ್ಲಿಸಿದ ಮೇಲೆ ಅವರು ಮತ್ತೆ ಮುಖ್ಯಮಂತ್ರಿ ಆದರು. ನಮ್ಮ ಮನೆಯಲ್ಲಿ ಆ ಸೋಲಿನ ಮಾತು ಬಂದಾಗಲೆಲ್ಲ ಅಪ್ಪ ಸುಮ್ಮನಾಗುತ್ತಿದ್ದರು. ತಾವು ಯಾರಿಗೆ ಓಟು ಹಾಕಿದ್ದೆ ಅಂತ ಅವರು ಯಾವತ್ತೂ ಹೇಳಿದವರಲ್ಲ.

ಅಬೀಮೆಲೆಕ ಮೂರು ವರ್ಷ ಆಳಿದ. ಗೆಲ್ಲಿಸಿದ ಶೆಕೆಮಿನವರನ್ನೇ ಬೆಂಕಿ ಹಚ್ಚಿ ಸುಟ್ಟ. ಆಮೇಲೆ ಪಕ್ಕದ ಊರು ತೇಬೇಚಿನ ಮೇಲೆ ದಂಡೆತ್ತಿ ಹೋದಾಗ ಬುರುಜಿನ ಮೇಲಿಂದ ಒಬ್ಬ ಹೆಂಗಸು ಬೀಸುವ ಕಲ್ಲಿನ ಮೇಲಿನ ಹೋಳು ಎತ್ತಿ ಅವನ ತಲೆಯ ಮೇಲೆ ಹಾಕಿದಳು. ಬೈಬಲ್ ಅವಳ ಹೆಸರು ಹೇಳುವುದಿಲ್ಲ. ಅಪ್ಪ ಇಲ್ಲಿಗೆ ಬಂದಾಗ ದನಿ ಏರಿಸುತ್ತಿದ್ದರು. "ಅಲ್ಲಿ ಬೀಸೋ ಕಲ್ಲು, ನಮ್ಮ ದುರ್ಗದಾಗೆ ಒನಕೆ!" ಓಬವ್ವನ ಕಿಂಡಿಯ ಮುಂದೆ ನಿಂತಾಗ ನನಗೆ ಇವತ್ತಿಗೂ ಇಬ್ಬರೂ ಒಟ್ಟಿಗೆ ನೆನಪಾಗುತ್ತಾರೆ. ಹಿಟ್ಟು ಬೀಸುವವಳು, ಕಾಳು ಕುಟ್ಟುವವಳು. ಊರು ಉಳಿಸಲು ಅವರಿಗೆ ಯಾರೂ ಟಿಕೆಟ್ ಕೊಟ್ಟಿರಲಿಲ್ಲ.

ಇಷ್ಟು ವರ್ಷ ಈ ಕಥೆಯಲ್ಲಿ ನಾನು ಬೈದದ್ದು ಜಾಲಿಯನ್ನು. ಎಲ್ಲರೂ ಅದನ್ನೇ ಬೈಯುವುದು. ಕರಪತ್ರ ಕೊಂಡೊಯ್ಯಲು ಬಂದವರೂ ಟೀ ಕುಡಿಯುತ್ತಾ ಎದುರು ಪಾರ್ಟಿಯವರನ್ನು ಜಾಲಿ ಮಾಡಿ ಮಾತಾಡುತ್ತಾರೆ. ಆದರೆ ಜಾಲಿ ಸುಳ್ಳು ಹೇಳಲಿಲ್ಲವಲ್ಲ! ಬೆಂಕಿ ಬರುತ್ತದೆ ಅಂತ ಮೊದಲೇ ಹೇಳಿತು. ಅದರ ಪ್ರಣಾಳಿಕೆ ನೆಟ್ಟಗೇ ಇತ್ತು.

ಅದನ್ನು ಕೇಳುವ ಗತಿ ಯಾಕೆ ಬಂತು ಅಂತ ನಾನು ಯೋಚಿಸಿದ್ದು ತಡವಾಗಿ. ಅದಕ್ಕೆ ಕಾರಣ ನಮ್ಮ ಚರ್ಚಿನ ಕಾಂಪೌಂಡ್ ಗೋಡೆ. ಅಲ್ಲಿಗೆ ಬರುವ ಮುಂಚೆ ಇನ್ನೆರಡು ಮಾತು ಹೇಳಿಬಿಡುತ್ತೇನೆ.

ಬೈಬಲಿನ ಯೆಶಾಯನ ಪುಸ್ತಕದ ಮೂರನೇ ಅಧ್ಯಾಯದಲ್ಲಿ ಒಂದು ದೃಶ್ಯ ಇದೆ. ದೇಶ ಹಾಳಾಗಿದೆ, ಅನ್ನ ನೀರಿಲ್ಲ. ಒಬ್ಬ ತನ್ನ ಅಣ್ಣನನ್ನೋ ತಮ್ಮನನ್ನೋ ಹಿಡಿದು ನಿಲ್ಲಿಸಿ, "ನಿನಗೆ ಮೈಮೇಲೆ ಹೊದಿಕೆ ಇದೆ, ನೀನೇ ನಮ್ಮ ನಾಯಕನಾಗು" ಅನ್ನುತ್ತಾನೆ. ಅರ್ಹತೆ ಏನು? ಹೊದಿಕೆ ಇದೆ. ನಮ್ಮ ಮಂಡಕ್ಕಿ ಅಂಗಡಿ ಮುಂದೆ ಟಿಕೆಟ್ ಮಾತು ನಡೆಯುವುದೂ ಹೀಗೇ. "ಅವನ ಹತ್ರ ಐತಿ, ನಿಲ್ಲಲಿ ಬಿಡು." ಏನು ಐತಿ ಅಂತ ಯಾರೂ ಕೇಳುವುದಿಲ್ಲ. ವಿಧಾನಸಭೆ ಅಭ್ಯರ್ಥಿಗೆ ಖರ್ಚಿನ ಮಿತಿ ನಮ್ಮ ರಾಜ್ಯದಲ್ಲಿ 40 ಲಕ್ಷ ರೂಪಾಯಿ. ಆ ಅಂಕಿ ಹೇಳಿದರೆ ಮಿರ್ಚಿ ಕರಿಯುವವನೂ ನಗುತ್ತಾನೆ. ಯೆಶಾಯನ ಕಥೆಯಲ್ಲಿ ಒಂದು ವ್ಯತ್ಯಾಸ ಇದೆ. ಹೊದಿಕೆ ಇದ್ದವನು ಕೈ ಮುಗಿದ. ನನ್ನ ಮನೆಯಲ್ಲಿ ರೊಟ್ಟಿಯೂ ಇಲ್ಲ, ಬಟ್ಟೆಯೂ ಇಲ್ಲ, ನನ್ನನ್ನು ನಾಯಕ ಮಾಡಬೇಡಿ ಅಂದ.

ಇನ್ನೊಂದು ಮಾತು ಬೈಬಲಿನದೇ ಧರ್ಮೋಪದೇಶಕಾಂಡದ ಹದಿನೇಳನೇ ಅಧ್ಯಾಯದ್ದು. ರಾಜನಾಗುವವನಿಗೆ ಮೂರು ಬೇಡ. ಕುದುರೆ ಜಾಸ್ತಿ ಬೇಡ, ಹೆಂಡತಿಯರು ಜಾಸ್ತಿ ಬೇಡ, ಬೆಳ್ಳಿ ಬಂಗಾರ ಜಾಸ್ತಿ ಬೇಡ. ನಾಮಪತ್ರದ ಜೊತೆ ಕೊಡುವ ಫಾರಂ 26 ಅಫಿಡವಿಟ್ ನೋಡಿದ್ದೀರಾ? ಸುಪ್ರೀಂ ಕೋರ್ಟಿನ 2002, 2003ರ ತೀರ್ಪುಗಳಿಂದ ಬಂದ ವ್ಯವಸ್ಥೆ ಅದು. ಅದರಲ್ಲಿಯೂ ವಾಹನಗಳ ಕಾಲಂ ಇದೆ. ಗಂಡ ಅಥವಾ ಹೆಂಡತಿ, ಅವಲಂಬಿತರು ಅಂತ ಕಾಲಂ ಇದೆ. ಚಿನ್ನ ಬೆಳ್ಳಿ ಎಷ್ಟು ಗ್ರಾಂ ಅಂತ ಇದೆ. ಕುದುರೆ, ಹೆಂಡತಿ, ಬಂಗಾರ! ಜೊತೆಗೆ ಕ್ರಿಮಿನಲ್ ಕೇಸುಗಳು. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಓದಬಹುದು. ನಮ್ಮ ಬೀದಿಯಲ್ಲಿ ಓದಿದವರನ್ನು ನಾನು ಹುಡುಕುತ್ತಲೇ ಇದ್ದೇನೆ.

ಇಸ್ರಾಯೇಲಿನ ರಾಜ ಸೊಲೊಮೋನನು ಈ ಮೂರನ್ನೂ ಮುರಿದ. ಸಾವಿರದ ನಾನೂರು ರಥ, ಹನ್ನೆರಡು ಸಾವಿರ ಕುದುರೆ ಸವಾರರು, ಏಳುನೂರು ಹೆಂಡತಿಯರು, ವರ್ಷಕ್ಕೆ 666 ತಲಾಂತು (ಆ ಕಾಲದ ತೂಕ) ಬಂಗಾರ. ಬೈಬಲಿನ ಅರಸುಗಳ ಪುಸ್ತಕ ಇದನ್ನೆಲ್ಲ ಅಫಿಡವಿಟ್ಟಿನ ಹಾಗೆ ಒಂದೊಂದೂ ಬರೆದಿಟ್ಟಿದೆ. ಅಷ್ಟು ದೊಡ್ಡ ಜ್ಞಾನಿ. ಮಗನ ಕಾಲಕ್ಕೆ ರಾಜ್ಯ ಎರಡು ಹೋಳಾಯಿತು.

ಧರ್ಮೋಪದೇಶಕಾಂಡದ ಅದೇ ಅಧ್ಯಾಯದಲ್ಲಿ ಇನ್ನೊಂದು ನಿಯಮ ಇದೆ, ಅದು ಪ್ರೆಸ್ಸಿನವನಾದ ನನಗೆ ಬಹಳ ಇಷ್ಟ. ಗಾದಿಗೆ ಬಂದ ರಾಜ ಧರ್ಮಶಾಸ್ತ್ರದ ಒಂದು ಪ್ರತಿಯನ್ನು ಬರೆದಿಟ್ಟುಕೊಳ್ಳಬೇಕು. ಅದು ಅವನ ಹತ್ತಿರವೇ ಇರಬೇಕು, ಬದುಕಿರುವವರೆಗೂ ಓದಬೇಕು. ಯಾಕೆ ಅಂದರೆ ತನ್ನ ಅಣ್ಣತಮ್ಮಂದಿರಿಗಿಂತ ತಾನು ಮೇಲು ಅಂತ ಅವನಿಗೆ ಸೊಕ್ಕು ಬರಬಾರದು. ನಮ್ಮ ಗೆದ್ದವರಿಗೂ ಮೊದಲ ತಿಂಗಳು ಸಂವಿಧಾನವನ್ನು ಕೈಯಲ್ಲಿ ಬರೆಯಲು ಹೇಳಬೇಕು. ಡಿಟಿಪಿ ನಡೆಯುವುದಿಲ್ಲ. ಪಿಎ ಕೈಲಿ ಬರೆಸುವಂತಿಲ್ಲ.

ಸರಿ, ಕಾಂಪೌಂಡ್ ಗೋಡೆ.

2018ರಲ್ಲಿ ಈಸ್ಟರ್ ಮುಗಿದ ಮೇಲೆ ನಮ್ಮ ಸಭೆಯ ಮೀಟಿಂಗು ನಡೆಯಿತು. ಹೊಸ ಕಮಿಟಿ ಆಗಬೇಕಿತ್ತು. ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಆರಾಧನೆ ಆದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. "ನೀವು ಖಜಾಂಚಿ ಆಗಬೇಕು. ಲೆಕ್ಕ ಬರುತ್ತೆ, ಜನಕ್ಕೆ ನಂಬಿಕೆ ಇದೆ" ಅಂದರು. ಮುಂದಿನ ತಿಂಗಳು ಎಲೆಕ್ಷನ್, ಮದುವೆ ಸೀಸನ್ ಬೇರೆ. ಪ್ರೆಸ್ಸಿನಲ್ಲಿ ರಾತ್ರಿ ಹನ್ನೊಂದರವರೆಗೆ ಕೆಲಸ. "ಈ ಸಲ ಆಗಲ್ಲ ಅಯ್ಯನವರೇ, ಬೇರೆ ಯಾರನ್ನಾದ್ರೂ ನೋಡಿ" ಅಂದೆ. ಅವರು ಇನ್ನಿಬ್ಬರನ್ನು ಕೇಳಿದರು. ಒಬ್ಬರಿಗೆ ಬ್ಯಾಂಕಿನ ಕೆಲಸ, ಒಬ್ಬರಿಗೆ ಮಗಳ ಹೆರಿಗೆ. ನಾಲ್ಕನೆಯವರು ಕೇಳುವ ಮುಂಚೆಯೇ ಎದ್ದು ನಿಂತರು.

ಚರ್ಚಿನ ಎಲೆಕ್ಷನ್ ಅಂದರೆ ಹೊರಗಿನವರು ಏನೋ ಪವಿತ್ರ ಅಂದುಕೊಂಡಿರುತ್ತಾರೆ. ಹಾಗೇನಿಲ್ಲ. ಇಲ್ಲಿಯೂ ಗುಂಪು ಇದೆ, 'ನಮ್ಮ ಕಡೆಯವರು' ಇದ್ದಾರೆ, ಹಿಂದಿನ ರಾತ್ರಿ ಫೋನು ಓಡಾಡುತ್ತದೆ. ಬಿರಿಯಾನಿ ಒಂದು ಇನ್ನೂ ಬಂದಿಲ್ಲ.

ಆಮೇಲೆ ಗೋಡೆ ಕಟ್ಟಿದರು. ಕಾಣಿಕೆ ಎತ್ತಿದರು, ನಾವೂ ಕೊಟ್ಟೆವು. ವರ್ಷದ ಕೊನೆಗೆ ಲೆಕ್ಕ ಓದಿದಾಗ ಸಿಮೆಂಟು, ಇಟ್ಟಿಗೆ, ಕೂಲಿ ಆದ ಮೇಲೆ 'ಇತರೆ' ಅಂತ ಒಂದು ಸಾಲು ಬಂತು. ಆ ಒಂದು ಸಾಲು ಇಟ್ಟಿಗೆಗಿಂತ ದಪ್ಪ ಇತ್ತು. ಯಾರೋ ಕೇಳಿದರು, ಯಾರೋ ಎದ್ದು ಹೋದರು. ಎರಡು ಕುಟುಂಬ ಬೇರೆ ಚರ್ಚಿಗೆ ಹೊರಟವು. ಗೋಡೆ ಮೂರನೇ ಮಳೆಗಾಲಕ್ಕೆ ಬಿರುಕು ಬಿಟ್ಟಿತು.

ನಾನು ಮನೆಗೆ ಬಂದು ಊಟಕ್ಕೆ ಕೂತು ಒಂದೇ ಸಮ ಕೂಗಾಡಿದೆ. ಕಳ್ಳರು, ದೇವರ ದುಡ್ಡೂ ಬಿಡಲ್ಲ ಅಂದೆ. ನನ್ನ ಹೆಂಡತಿ ರೊಟ್ಟಿ ತಟ್ಟುತ್ತಿದ್ದಳು. ತಟ್ಟುವುದು ನಿಲ್ಲಿಸದೆ ಕೇಳಿದಳು.

"ರೀ, ಅಯ್ಯನವರು ಮೊದ್ಲು ಯಾರನ್ನ ಕೇಳಿದ್ದು?"

ಮುಂದೆ ನನಗೆ ಊಟ ಸೇರಲಿಲ್ಲ. ರಾತ್ರಿ ಬೈಬಲ್ ತೆಗೆದು ಅಪ್ಪನ ಹೆಬ್ಬೆರಳಿನ ಗುರುತಿದ್ದ ಪುಟ ಮತ್ತೆ ಓದಿದೆ. ಆಗ ಒಂದು ಮಾತು ಕಣ್ಣಿಗೆ ಬಿತ್ತು. ಎಷ್ಟೋ ಸಲ ಓದಿದ್ದೆ, ನೋಡಿರಲಿಲ್ಲ. 'ಮರಗಳ ಮೇಲೆ ತೂಗಾಡುವುದು.' ಮೂರು ಒಳ್ಳೆಯ ಮರಗಳೂ ಇದೇ ಮಾತು ಹೇಳುತ್ತವೆ. ಆಳುವುದು ಅಂದರೆ ಅವಕ್ಕೆ ಎಲ್ಲರ ತಲೆಯ ಮೇಲೆ ನಿಂತು ಕೊಂಬೆ ಬೀಸುವುದು. ಎಣ್ಣೆ ಕೊಡುವುದೇ ಬೇರೆ, ಆಳುವುದೇ ಬೇರೆ. ಒಂದು ಮಾಡಬೇಕಾದರೆ ಇನ್ನೊಂದು ಬಿಡಬೇಕು.

ಈ ಕಥೆ ರಾಜರೇ ಬೇಡ ಅನ್ನಲು ಹೇಳಿದ್ದು, ಆ ಮರಗಳು ಒಲ್ಲೆ ಅಂದದ್ದೇ ಸರಿ ಅಂತ ಹೇಳುವವರಿದ್ದಾರೆ. ಇರಬಹುದು. ಆಗ ರಾಜ ಇಲ್ಲದೆಯೂ ಬದುಕಬಹುದಿತ್ತು. ನಮಗೆ ಆ ದಾರಿ ಇಲ್ಲವಲ್ಲ. ಖಾಲಿ ಕುರ್ಚಿ ಅನ್ನುವುದು ನಮ್ಮ ವ್ಯವಸ್ಥೆಯಲ್ಲಿ ಉಳಿಯುವುದಿಲ್ಲ. 2013ರಿಂದ ನೋಟಾ ಇದೆ. ಆದರೆ ವಿಧಾನಸಭೆಯಲ್ಲಿ ನೋಟಾಕ್ಕೇ ಜಾಸ್ತಿ ಓಟು ಬಿದ್ದರೂ ಅದರ ನಂತರದ ಅಭ್ಯರ್ಥಿ ಗೆದ್ದಂತೆಯೇ ಲೆಕ್ಕ. ತೆಂಗು ಒಲ್ಲೆ ಅಂದರೆ ಜಾಲಿ. ಅಷ್ಟೇ.

ಹಾಗಂತ ಒಲ್ಲೆ ಅಂದವರೆಲ್ಲ ಎಣ್ಣೇಮರ ಅಂತಲೂ ಅಲ್ಲ. ಬೈಬಲಿನಲ್ಲಿ ಸೌಲನನ್ನು ಇಸ್ರಾಯೇಲಿನ ಮೊದಲ ರಾಜ ಅಂತ ಆರಿಸಿದ ದಿನ ಅವನು ಸಾಮಾನುಗಳ ನಡುವೆ ಅಡಗಿ ಕೂತಿದ್ದ. ಎಲ್ಲರಿಗಿಂತ ಒಂದು ತಲೆ ಎತ್ತರ, ನೋಡಲು ಚಂದ, ನಾಚಿಕೆ ಬೇರೆ. ಫ್ಲೆಕ್ಸಿಗೆ ಹೇಳಿ ಮಾಡಿಸಿದ ಹಾಗೆ. ಆಮೇಲೆ ಅವನೇ ಹೊಟ್ಟೆಕಿಚ್ಚಿಗೆ ಬಿದ್ದು ದಾವೀದನ ಮೇಲೆ ಈಟಿ ಎಸೆದ. ಸೌಲನಿಗೆ ಅಭಿಷೇಕ ಮಾಡಿದ್ದ ಪ್ರವಾದಿ ಸಮುವೇಲ ಮುಂದಿನ ರಾಜನನ್ನು ಹುಡುಕಿ ಇಷಯನ ಮನೆಗೆ ಹೋದಾಗಲೂ ಮೊದಲು ಎತ್ತರದ ಎಲೀಯಾಬನನ್ನೇ ನೋಡಿ ಇವನೇ ಅಂದುಕೊಂಡ. ಒಂದು ಸಲ ಎಡವಿದ ಪ್ರವಾದಿಯೂ ಅದೇ ಕಲ್ಲಿಗೆ ಎಡವಲು ಹೊರಟಿದ್ದ! ಏಳು ಮಕ್ಕಳು ಮುಂದೆ ಹಾದುಹೋದರು. ಎಂಟನೆಯವನು, ಅಂದರೆ ದಾವೀದ, ಕುರಿ ಕಾಯಲು ಹೋಗಿದ್ದ, ಅಪ್ಪನಿಗೆ ಅವನನ್ನು ಕರೆಸಬೇಕು ಅಂತಲೂ ಅನಿಸಿರಲಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಮೇಷ್ಟ್ರು ಇದ್ದಾರೆ. ರಿಟೈರ್ಡ್. ಲಿಂಗಾಯತರು, ಬೆಳಿಗ್ಗೆ ಪೂಜೆ ಆಗದೆ ನೀರು ಮುಟ್ಟುವುದಿಲ್ಲ. ಸಂಜೆ ಹೊತ್ತು ಪ್ರೆಸ್ಸಿಗೆ ಬಂದು ಪೇಪರ್ ಓದುತ್ತಾರೆ, ಬಿಟ್ಟಿಯಾಗಿ ಪ್ರೂಫ್ ತಿದ್ದಿಕೊಡುತ್ತಾರೆ. ನನ್ನ ಗೋಳು ಕೇಳಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ. "ಬಸವಣ್ಣ ಬಿಜ್ಜಳನ ಹತ್ರ ಏನಾಗಿದ್ರು ಹೇಳಪ್ಪಾ?"

"ಭಂಡಾರಿ."

"ಅಂದ್ರೆ ಖಜಾಂಚಿ. ಅವ್ರ ಮೇಲೂ ಭಂಡಾರದ ದುಡ್ಡು ಜಂಗಮರಿಗೆ ಸುರಿದ ಅಂತ ಚಾಡಿ ಹೇಳಿದ್ರು. ಅನುಭವ ಮಂಟಪ ಬಿಟ್ಟು ನಾನ್ಯಾಕೆ ಲೆಕ್ಕ ಬರೀಲಿ ಅಂದ್ರೇನು ಅವ್ರು?"

ಒಳಗಿನಿಂದ ನನ್ನ ಹೆಂಡತಿ, "ಮೇಷ್ಟ್ರೇ, ನಮ್ಮಲ್ಲೂ ಶಿಷ್ಯರ ದುಡ್ಡಿನ ಚೀಲ ಇಟ್ಕೊಂಡಿದ್ದವ್ನು ಒಬ್ಬ ಇದ್ದ. ಯೇಸುನ್ನೇ ಹಿಡ್ಕೊಟ್ಟ ಯೂದ" ಅಂದಳು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು.

ನನಗೆ ಇತ್ರೋ ನೆನಪಾದ. ಮೋಶೆಯ ಮಾವ. ಇಸ್ರಾಯೇಲ್ಯನಲ್ಲ, ಮಿದ್ಯಾನಿನ ಪೂಜಾರಿ. ಅಳಿಯನನ್ನು ನೋಡಲು ಬಂದಾಗ ಮೋಶೆ ಬೆಳಿಗ್ಗೆಯಿಂದ ಸಂಜೆಯವರೆಗೆ ಒಬ್ಬನೇ ಕೂತು ಜನರ ವ್ಯಾಜ್ಯ ಕೇಳುತ್ತಿದ್ದ. ಜನ ಸುತ್ತ ನಿಂತೇ ಇದ್ದರು. ಇತ್ರೋ ನೇರವಾಗಿ ಹೇಳಿದ, ನೀನು ಮಾಡುತ್ತಿರುವುದು ಸರಿಯಿಲ್ಲ, ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ. ಕೆಲಸ ಬಲ್ಲವರು, ದೇವರಿಗೆ ಹೆದರುವವರು, ನಂಬಿಕಸ್ತರು, ಲಂಚ ಮುಟ್ಟದವರು, ಅಂಥವರನ್ನು ಆರಿಸಿ ಸಾವಿರಕ್ಕೊಬ್ಬ, ನೂರಕ್ಕೊಬ್ಬ, ಐವತ್ತಕ್ಕೊಬ್ಬ, ಹತ್ತಕ್ಕೊಬ್ಬನನ್ನು ಇಡು.

ಇದನ್ನು ಓದಿದವರೆಲ್ಲ ಆ ನಾಲ್ಕು ಗುಣಗಳ ಮೇಲೆ ಪ್ರಸಂಗ ಮಾಡುತ್ತಾರೆ. ನನ್ನ ಕಣ್ಣು ಹೋಗಿದ್ದು ಕೊನೆಯ ಅಂಕಿಯ ಮೇಲೆ. ಹತ್ತಕ್ಕೊಬ್ಬ. ಹತ್ತು ಜನರ ಮೇಲೆ ಕೊಂಬೆ ಬೀಸಿ ತೂಗಾಡಲು ಆಗುತ್ತದೆಯೇ? ಹತ್ತು ಮನೆಯ ನಲ್ಲಿ ಯಾಕೆ ಬರಲಿಲ್ಲ ಅಂತ ಕೇಳುವವನು ರಾಜನಲ್ಲ. ತನ್ನ ಎಣ್ಣೆ ತೆಗೆಯುತ್ತಲೇ ಅವನು ಅದನ್ನು ಮಾಡಬಹುದು. ನಾವು ಪ್ರಧಾನಿ ಯಾರಾಗಬೇಕು ಅಂತ ಮೂರು ತಾಸು ಜಗಳ ಆಡುತ್ತೇವೆ. ನಮ್ಮ ವಾರ್ಡಿನ ಕಾರ್ಪೊರೇಟರ್ ಅಫಿಡವಿಟ್ಟು, ಶಾಲೆಯ ಎಸ್‌ಡಿಎಂಸಿ ಸಮಿತಿ, ಹಾಲಿನ ಸೊಸೈಟಿ, ಚರ್ಚಿನ ಕಮಿಟಿ, ಗುಡಿಯ ಟ್ರಸ್ಟು, ಇಲ್ಲೆಲ್ಲ "ಯಾರಾದ್ರೂ ಆಗ್ಲಿ ಬಿಡಪ್ಪ" ಅನ್ನುತ್ತೇವೆ. ಸಾವಿರಕ್ಕೆ ನಿಲ್ಲುವವನು ಹತ್ತರಲ್ಲೇ ಕಲಿತು ಬರುವುದು. 'ಇತರೆ' ಬರೆಯುವುದನ್ನೂ ಅಲ್ಲೇ ಕಲಿಯುತ್ತಾನೆ.

2024ರಲ್ಲಿ ಅಯ್ಯನವರು ಬದಲಾಗಿದ್ದರು. ಹೊಸಬರು, ವಯಸ್ಸು ಚಿಕ್ಕದು. ಅವರಿಗೆ ನನ್ನ ಹಳೆಯ ಕಥೆ ಗೊತ್ತಿರಲಿಲ್ಲ. ಕೇಳಿದರು, ಹ್ಞೂಂ ಅಂದೆ.

ಮೊದಲ ಮೀಟಿಂಗು ಎರಡೂವರೆ ತಾಸು. ಅದರಲ್ಲಿ ಒಂದೂಕಾಲು ತಾಸು ಸೆಪ್ಟಿಕ್ ಟ್ಯಾಂಕು. ನಾನು ಏನೇನೋ ಹುರುಪಿನಲ್ಲಿ ಹೋಗಿದ್ದೆ. ಸೇವಕನಾಗಬೇಕು, ಯೇಸು ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದ ಹಾಗೆ ಅಂತೆಲ್ಲ. ಬಕೆಟ್ಟು ಯಾರ ಮನೆಯಿಂದ ತರಬೇಕು ಅನ್ನುವ ಮಟ್ಟದ ಮಾತೇ ಅಲ್ಲಿ ನಡೆದದ್ದು.

ಹಳೆಯ ರಸೀದಿ ಪುಸ್ತಕಗಳನ್ನು ನನ್ನ ಕೈಗೆ ಕೊಟ್ಟರು. ಒಂದರಲ್ಲಿಯೂ ನಂಬರ್ ಇಲ್ಲ. ಎಷ್ಟು ಪುಸ್ತಕ ಮಾಡಿಸಿದ್ದರು, ಎಷ್ಟು ಹಾಳೆ ಹರಿದಿದ್ದರು, ದೇವರಿಗೇ ಗೊತ್ತು. ನಾನು ಮುಂದಿನ ವಾರವೇ ಹೊಸದು ಮಾಡಿದೆ. ಕೂಲಿ ಇಲ್ಲ, ನನ್ನ ಕಾಣಿಕೆ ಅಂದುಕೊಂಡೆ. ಕಾಗದದ್ದು ಮಾತ್ರ ಅಂಗಡಿ ಬಿಲ್ಲು ಲಗತ್ತಿಸಿದೆ. ಡುಪ್ಲಿಕೇಟು, ಕಾರ್ಬನ್ನು, ನೂರು ಹಾಳೆಯ ಹತ್ತು ಪುಸ್ತಕ. ನಂಬರಿಂಗ್ ಮಷಿನ್ ಅಪ್ಪನ ಕಾಲದ್ದು, ನಡುವೆ ಹಲ್ಲು ಕಚ್ಚಿಕೊಂಡು ಒಂದೇ ನಂಬರನ್ನು ಎರಡು ಸಲ ಒತ್ತಿಬಿಡುತ್ತದೆ. ಒಂದೊಂದೇ ಹಾಳೆ ನೋಡಿಕೊಂಡು 0001ರಿಂದ ಒತ್ತಿದೆ. ಮೇಷ್ಟ್ರು ಕೂತು ಎಣಿಸಿದರು.

ಎರಡನೇ ಭಾನುವಾರ ಆರಾಧನೆ ಮುಗಿಸಿ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಕಂಬದ ಆಚೆ ಇಬ್ಬರು ಮಾತಾಡುತ್ತಿದ್ದರು. ನಾನು ಇರುವುದು ಅವರಿಗೆ ಕಾಣುತ್ತಿರಲಿಲ್ಲ.

"ರಸೀದಿ ಬುಕ್ಕು ನೋಡಿದ್ಯಾ? ಹೊಸದು."

"ನೋಡ್ದೆ. ಪ್ರೆಸ್ಸಿನವ್ನು ಖಜಾಂಚಿ ಯಾಕಾದ ಅಂತ ಈಗ ಗೊತ್ತಾಯ್ತಲ್ಲ."

ಸಮುವೇಲ ಮುದುಕನಾದ ಮೇಲೆ ಜನರ ಮುಂದೆ ನಿಂತು ಕೇಳಿದ ಮಾತು ಬೈಬಲಿನಲ್ಲಿದೆ. ನಾನು ಯಾರ ಎತ್ತು ತೆಗೆದುಕೊಂಡೆ? ಯಾರ ಕತ್ತೆ ತೆಗೆದುಕೊಂಡೆ? ಯಾರ ಕೈಯಿಂದ ಲಂಚ ತಿಂದೆ? ಹೇಳಿ, ತಿರುಗಿ ಕೊಡುತ್ತೇನೆ. ಆ ಮಾತನ್ನು ನಾನು ಯಾವಾಗಲೂ ಧೀರ ದನಿಯಲ್ಲಿ ಓದಿಕೊಂಡಿದ್ದೆ. ಅವತ್ತು ಒಂದು ಕಾಲಿಗೆ ಚಪ್ಪಲಿ ಹಾಕಿ, ಇನ್ನೊಂದು ಕೈಯಲ್ಲಿ ಹಿಡಿದು ನಿಂತಾಗ, ಅವನು ಅದನ್ನು ಕೇಳಿದಾಗ ಗಂಟಲು ಕಟ್ಟಿತ್ತೋ ಏನೋ ಅನಿಸಿತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಸಮಾಧಾನ ಮಾಡುತ್ತಾಳೆ ಅಂದುಕೊಂಡಿದ್ದೆ.

"ಕಾಗದದ ಬಿಲ್ಲು ನೋಟಿಸ್ ಬೋರ್ಡಿಗೆ ಹಾಕಿದ್ರಾ?" ಅಂದಳು.

ಹಾಕಿರಲಿಲ್ಲ. ಸಂಜೆ ಸ್ಕೂಟರ್ ತೆಗೆದುಕೊಂಡು ಚರ್ಚಿಗೆ ಹೋದೆ. ಗೇಟಿನ ಬೀಗ ತೆಗೆಸಿ, ಬಿರುಕು ಬಿಟ್ಟ ಗೋಡೆ ದಾಟಿ ಒಳಗೆ ಹೋಗಿ, ನಾಲ್ಕು ಮೂಲೆಗೂ ಪಿನ್ ಚುಚ್ಚಿ ಬಂದೆ.